ಓಡೋಕೆ ಮೈದಾನ ಕೊಡಿ, ಅರ್ಜಿಗೆ ತಾರೀಖು ಕೊಡಿ

ನಸುಕಿನ ಐದು ಗಂಟೆಗೆ ನಮ್ಮ ಜಿಲ್ಲೆಯ ಯಾವ ಡಾಂಬರು ರಸ್ತೆಗೆ ಹೋದರೂ ಓಡುವ ಹುಡುಗರು ಸಿಗುತ್ತಾರೆ. ಕೇಳಿದರೆ ಒಂದೇ ಉತ್ತರ, "ಪಿಸಿ ತಯಾರಿ ಸರ್." ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಈ ಶ್ರಮದ ಅರ್ಧ ಭಾಗ ಯಾಕೆ ವ್ಯರ್ಥವಾಗುತ್ತಿದೆ ಅನ್ನೋದನ್ನ ಯಾರೂ ಬಿಡಿಸಿ ಹೇಳುತ್ತಿಲ್ಲ.

ಸಿವಿಲ್ ಕಾನ್‌ಸ್ಟೆಬಲ್ ಆಗಲು ಪಿಯುಸಿ ಪಾಸಾಗಿರಬೇಕು, ಸಶಸ್ತ್ರ ಪಡೆಗೆ ಎಸ್ಸೆಸ್ಸೆಲ್ಸಿ ಸಾಕು, ಪಿಎಸ್‌ಐಗೆ ಡಿಗ್ರಿ ಬೇಕು. ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಮೊದಲು ಲಿಖಿತ ಪರೀಕ್ಷೆ: 100 ಪ್ರಶ್ನೆ, 90 ನಿಮಿಷ, ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಅದರಲ್ಲಿ ಮುಂದೆ ಬಂದವರಿಗಷ್ಟೇ ಮೈದಾನದ ಕರೆ. ಅಲ್ಲಿ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಐದು ನಿಮಿಷದಲ್ಲಿ ಓಡಿ ಮುಗಿಸಿದರೂ ಒಂದು ಅಂಕವೂ ಹೆಚ್ಚು ಬರಲ್ಲ. ಓಟ ಪಾಸಾದರೆ ಸಾಕು, ಪಟ್ಟಿ ತಯಾರಾಗೋದು ಲಿಖಿತದ ಅಂಕದ ಮೇಲೆ. ಆದರೂ ನಮ್ಮ ಹುಡುಗರು ಬೆಳಿಗ್ಗೆ ಎರಡು ತಾಸು ಓಡಿ, ಸಂಜೆ ಅರ್ಧ ತಾಸು ಪುಸ್ತಕ ಹಿಡಿಯುತ್ತಾರೆ. ಪಿಎಸ್‌ಐಗೆ ಮಾತ್ರ ಮೈದಾನ ಮೊದಲು, ಲಿಖಿತ ಆಮೇಲೆ.

ಇನ್ನೊಂದು ನೋವಿನ ವಿಷಯ ಅಳತೆಯದು. ಗಂಡುಮಕ್ಕಳಿಗೆ ಎತ್ತರ 168 ಸೆಂ.ಮೀ., ಉಬ್ಬಿಸಿದಾಗ ಎದೆ 86 ಸೆಂ.ಮೀ., ಅದರಲ್ಲಿ ಕನಿಷ್ಠ 5 ಸೆಂ.ಮೀ. ಹಿಗ್ಗಬೇಕು. ಹೆಣ್ಣುಮಕ್ಕಳಿಗೆ ಎತ್ತರ 157 ಸೆಂ.ಮೀ., ತೂಕ 45 ಕೆ.ಜಿ. ಕೆಲವು ಬುಡಕಟ್ಟುಗಳಿಗೆ ರಿಯಾಯಿತಿ ಇದೆ. ಮೂರು ವರ್ಷ ತಯಾರಿ ಮಾಡಿ, ಲಿಖಿತ ಪಾಸಾಗಿ, ಕೊನೆಗೆ ಒಂದು ಸೆಂಟಿಮೀಟರ್ ಕಡಿಮೆ ಎಂದು ವಾಪಸ್ ಬರುವವರಿದ್ದಾರೆ. ಗೋಡೆಗೆ ಗೀಟು ಎಳೆದು ಅಂದಾಜು ಮಾಡಬೇಡಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬರಿಗಾಲಲ್ಲಿ ನಿಂತು ಅಳೆಸಿಕೊಳ್ಳಿ. ಎತ್ತರ ಸಾಲದಿದ್ದರೆ ವಿಎ, ಪಿಡಿಒ, ಎಫ್‌ಡಿಎ ಅಂತ ಬೇರೆ ದಾರಿಗಳಿವೆ. ಅದು ಇಪ್ಪತ್ತಕ್ಕೆ ಗೊತ್ತಾದರೆ ಒಳ್ಳೆಯದು, ಇಪ್ಪತ್ತೈದಕ್ಕಲ್ಲ.

ಇಲ್ಲಿಗೆ ಹುಡುಗರ ತಪ್ಪು ಮುಗಿಯಿತು. ಸರ್ಕಾರದ್ದು ಇದಕ್ಕಿಂತ ದೊಡ್ಡದು.

ಕಾನ್‌ಸ್ಟೆಬಲ್ ಹುದ್ದೆಗೆ ವಯಸ್ಸಿನ ಮಿತಿ 2024ರಲ್ಲಿ ಸಾಮಾನ್ಯ ವರ್ಗಕ್ಕೆ 25, ಎಸ್‌ಸಿ, ಎಸ್‌ಟಿ, ಒಬಿಸಿಗೆ 27 ಇತ್ತು. ಮಿತಿ ಇಷ್ಟು ಬಿಗಿಯಾಗಿ ಇಟ್ಟವರು ಪ್ರತಿ ವರ್ಷ ಅರ್ಜಿ ಕರೆಯಬೇಕಲ್ಲವೇ? 2024ರ ಅಕ್ಟೋಬರ್ ಕೊನೆಯಲ್ಲಿ, ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ಸರ್ಕಾರ ನಿಲ್ಲಿಸಿತು. ಒಳಮೀಸಲಾತಿ ನ್ಯಾಯವಾದ ಬೇಡಿಕೆ, ಅದಕ್ಕೆ ಕಾಯಲೇಬೇಕಿತ್ತು. ಆದರೆ ಕಾಯುವಾಗ ಹುಡುಗರ ವಯಸ್ಸು ನಿಲ್ಲಲಿಲ್ಲ. ಗಲಾಟೆ ಆದಾಗಲೊಮ್ಮೆ ಒಂದು ಸಲದ ಸಡಿಲಿಕೆ ಕೊಡೋದು ಪರಿಹಾರವಲ್ಲ. ಅರ್ಜಿ ಕರೆಯದ ಪ್ರತಿ ವರ್ಷಕ್ಕೆ ಮಿತಿ ತಾನಾಗಿ ಒಂದು ವರ್ಷ ಏರುವಂತೆ ನಿಯಮ ಬರೆಯಲಿ.

545 ಪಿಎಸ್‌ಐ ಹುದ್ದೆಗಳ ಕಥೆ ಮರೆತಿಲ್ಲ ತಾನೇ? 2021ರ ಅಕ್ಟೋಬರ್ 3ರಂದು ಪರೀಕ್ಷೆ, 2022ರ ಏಪ್ರಿಲ್‌ನಲ್ಲಿ ಅಕ್ರಮ ಬಯಲಾಗಿ ರದ್ದು, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ದುಡ್ಡು ಕೊಟ್ಟವರ ಜೊತೆ ಒಂದು ರೂಪಾಯಿ ಕೊಡದವರೂ ಎರಡು ವರ್ಷಕ್ಕಿಂತ ಹೆಚ್ಚು ಕಳೆದುಕೊಂಡರು. ಇಷ್ಟಾದ ಮೇಲೂ "ಮೇಲೆ ನಮ್ಮವರಿದ್ದಾರೆ" ಅನ್ನುವ ಏಜೆಂಟನ ಕೈಗೆ ಹೊಲ ಮಾರಿದ ದುಡ್ಡು ಇಡುವ ಅಪ್ಪಂದಿರನ್ನು ಕಂಡರೆ ಸಿಟ್ಟೂ ಬರುತ್ತದೆ, ಕರುಳೂ ಚುರ್ ಅನ್ನುತ್ತದೆ.

ಒಂದು ಕಾಗದದ ಮಾತು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ. ಅದಕ್ಕೆ ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಇರುವ ನಮೂನೆ-2 ಬೇಕು. ಸಾಮಾನ್ಯ ವರ್ಗದವರಿಗೆ ನಮೂನೆ-1 ಕೂಡ ಬೇಕು. ಅರ್ಜಿಯ ಕೊನೆಯ ದಿನಾಂಕದ ಒಳಗೇ ಇವು ಕೈಯಲ್ಲಿರಲಿ. ಅಂಕ ಇದ್ದೂ ಇದೊಂದಕ್ಕೆ ಹುದ್ದೆ ಕಳೆದುಕೊಳ್ಳಬೇಡಿ.

ಈಗ ಮೈದಾನ. ಹುಡುಗರು ಹೇಗೋ ರಸ್ತೆಯಲ್ಲಿ ಓಡುತ್ತಾರೆ, ಹೆಣ್ಣುಮಕ್ಕಳ ಪಾಡು ಕೇಳಿ. ಕತ್ತಲಲ್ಲಿ ಮಗಳು ಮುಂದೆ, ಅಪ್ಪನೋ ಅಣ್ಣನೋ ಬೈಕಿನ ಲೈಟು ಹಾಕಿಕೊಂಡು ಹಿಂದೆ. ಕರೆದುಕೊಂಡು ಹೋಗುವವರು ಇಲ್ಲದ ಮನೆಯ ಹುಡುಗಿ ತಯಾರಿಯನ್ನೇ ಬಿಡುತ್ತಾಳೆ. ಸ್ಟೇಷನ್ನಿಗೆ ದೂರು ಕೊಡಲು ಹೋಗುವ ಹಳ್ಳಿ ಹೆಂಗಸಿಗೆ ಅಲ್ಲೊಬ್ಬ ಹಳ್ಳಿ ಹುಡುಗಿ ಯೂನಿಫಾರ್ಮಿನಲ್ಲಿ ಕೂತಿರಬೇಕು ಎಂದಾದರೆ, ಅವಳಿಗೆ ಓಡಲು ಜಾಗ ಮೊದಲು ಬೇಕು. ಜಾಗ ಇದೆ. ಸರ್ಕಾರಿ ಹೈಸ್ಕೂಲಿನ ಮೈದಾನ ಇದೆ, ಗೇಟಿಗೆ ಬೀಗವೂ ಇದೆ. ಬೆಳಿಗ್ಗೆ ಐದರಿಂದ ಏಳರವರೆಗೆ ಗೇಟು ತೆಗೆದು ಎರಡು ಲೈಟು ಹಾಕೋಕೆ ಬೆಂಗಳೂರಿನ ಆದೇಶ ಬೇಕಿಲ್ಲ. ಎಸ್‌ಡಿಎಂಸಿಯಲ್ಲಿ ಇರುವವರು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ, ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನೋದನ್ನೂ ಅಲ್ಲೇ ಬರೆಸಿಬಿಡಿ.