ಚೌಡಯ್ಯನವರ ಸೀಮೆಯಲ್ಲೇ ಸಂಗೀತ ಪಾಠ ದುಬಾರಿ

ನಂಜನಗೂಡು: ಖಾಸಗಿ ಸಂಗೀತ ಪಾಠದ ವೆಚ್ಚವೆಂದರೆ ತಿಂಗಳ ಶುಲ್ಕವೊಂದೇ ಅಲ್ಲ. ತಾಲ್ಲೂಕಿನ ಹೆಡತಲೆಯಂತಹ ಊರಿನ ಮಗು ಗುರುವನ್ನು ಅರಸಿ ನಂಜನಗೂಡಿಗೋ ಮೈಸೂರಿಗೋ ಹೊರಟರೆ, ಜತೆಗೆ ಹೋಗುವ ಹಿರಿಯರ ಅರ್ಧ ದಿನದ ಕೂಲಿ, ವಾದ್ಯದ ಬೆಲೆ, ಅದರ ರಿಪೇರಿ ಎಲ್ಲವೂ ಪಾಠದ ಲೆಕ್ಕಕ್ಕೇ ಸೇರುತ್ತವೆ.

ನೆರೆಯ ತಿ. ನರಸೀಪುರ ತಾಲ್ಲೂಕಿನ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಗುರುಕುಲ ಪದ್ಧತಿಯಲ್ಲಿ ಕಲಿತವರು. ಕೃಷ್ಣಪ್ಪನವರು ಆಸ್ಥಾನ ವಿದ್ವಾಂಸರು. ವಿದ್ವಾಂಸರಿಗೆ ಅರಮನೆಯ ಆಶ್ರಯ, ಶಿಷ್ಯರಿಗೆ ಗುರುವಿನ ಆಶ್ರಯ ಎಂಬ ಆ ವ್ಯವಸ್ಥೆ ಈಗಿಲ್ಲ. ಅದರ ಭಾರ ಪೋಷಕರ ಹೆಗಲೇರಿದೆ.

ಸರಕಾರ ಕೈಕಟ್ಟಿ ಕುಳಿತಿದೆ ಎನ್ನುವಂತಿಲ್ಲ. ವ್ಯಕ್ತಿಯೊಬ್ಬರು ನೀಡುವ ಕಲಾ ತರಬೇತಿಗೆ 2022ರ ಜುಲೈ ತಿದ್ದುಪಡಿಯ ನಂತರವೂ ಜಿಎಸ್‌ಟಿ ವಿನಾಯಿತಿ ಉಳಿದಿದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಬಸ್ ವೆಚ್ಚವನ್ನು ಇಳಿಸಿತು. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಮೈಸೂರಿನಲ್ಲೇ ಇದೆ. ಆದರೆ ಪದವಿಯ ಬಾಗಿಲು ತಲುಪುವ ಮುನ್ನ ಸರಳೆ, ಜಂಟಿ ವರಸೆ, ಅಲಂಕಾರಗಳ ಹಲವು ವರ್ಷಗಳ ಅಭ್ಯಾಸ ಬೇಕು. ಬಡ ಮನೆಯ ಮಗು ಹಿಂದುಳಿಯುವುದು ಅಲ್ಲಿಯೇ.

ಇದಕ್ಕೆ ಗುರುಗಳನ್ನು ದೂರುವುದು ತರವಲ್ಲ. ಮನೆಪಾಠವನ್ನೇ ನಂಬಿದವರಿಗೆ ಪಿಂಚಣಿಯಿಲ್ಲ, ರಜೆಯ ಸಂಬಳವೂ ಇಲ್ಲ. ನಾಲ್ಕಾರು ಸರಕಾರಿ ಶಾಲೆಗಳಿಗೆ ಒಬ್ಬರಂತೆ ಸಂಚಾರಿ ಸಂಗೀತ ಶಿಕ್ಷಕರನ್ನು ನೇಮಿಸಿ, ವಾದ್ಯಗಳನ್ನು ಶಾಲೆಯಲ್ಲೇ ಇರಿಸಿದರೆ ಗುರುವಿಗೂ ಅನ್ನ, ಮಗುವಿಗೂ ವಿದ್ಯೆ. ಇಲ್ಲವಾದಲ್ಲಿ ಸಂಗೀತವು ಕೊಳ್ಳುವ ಶಕ್ತಿಯುಳ್ಳವರ ಸ್ವತ್ತಾಗಿಯೇ ಉಳಿದೀತು.