ಊರಿನ ಹೆಸರೂ ಊರಿನವರ ಹೆಸರೂ

ಚರಿತ್ರೆಯೆಂದೊಡನೆ ನಮ್ಮ ಮಕ್ಕಳ ಕಣ್ಣ ಮುಂದೆ ಸಿಂಹಾಸನವೂ ರಣರಂಗವೂ ಬಂದು ನಿಲ್ಲುವುವು. ಪಾಣಿಪಟ್ಟಿನ ಕದನವು ಯಾವ ವರ್ಷದಲ್ಲಿ ನಡೆಯಿತೆಂದು ಕೇಳಿದರೆ ತಟ್ಟನೆ ಉತ್ತರ ಕೊಡುವ ಹುಡುಗನು, ತನ್ನ ಮನೆಯ ಮುಂದಿನ ಕೆರೆಯನ್ನು ಕಟ್ಟಿಸಿದವರಾರೆಂದು ಕೇಳಿದರೆ ಪಕ್ಕದವನ ಮುಖವನ್ನು ನೋಡುವನು. ಪಾಠಶಾಲೆಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನಾವು ಇದನ್ನು ಅನೇಕ ಸಲ ಕಂಡಿರುವೆವು.

ಇಂಗ್ಲೆಂಡಿನಲ್ಲಿ ಒಂದೊಂದು ಹಳ್ಳಿಗೂ ತನ್ನದೇ ಆದ ಚರಿತ್ರೆಯುಂಟು. 1538ನೆಯ ಇಸವಿಯಲ್ಲಿ ಎಂಟನೆಯ ಹೆನ್ರಿಯ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲ್ಲನು, ಪ್ರತಿಯೊಂದು ಗ್ರಾಮದ ಇಗರ್ಜಿಯಲ್ಲಿಯೂ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆಮಾಡಿದನು. ಇದರಿಂದ ಪ್ರಭುವಿನ ಹೆಸರಿನ ಸಂಗಡ ಅವನ ಹೊಲವನ್ನು ಉತ್ತವನ ಹೆಸರೂ ಉಳಿಯಿತು. ಸೆಲ್ಬೋರ್ನ್ ಎಂಬ ಸಣ್ಣ ಹಳ್ಳಿಯ ಪಾದ್ರಿಯಾದ ಗಿಲ್ಬರ್ಟ್ ವೈಟನು ತನ್ನೂರಿನ ಪಶುಪಕ್ಷಿಗಳನ್ನೂ ಪುರಾತನ ಸಂಗತಿಗಳನ್ನೂ ಕುರಿತು ಬರೆದು 1789ರಲ್ಲಿ ಪ್ರಕಟಿಸಿದ ಗ್ರಂಥವನ್ನು ಜನರು ಇಂದಿಗೂ ಓದುತ್ತಾರೆ.

ನಮ್ಮ ಕೊಡಗಿನ ಊರುಗಳ ಹೆಸರುಗಳಲ್ಲಿಯೂ ಚರಿತ್ರೆಯು ಅಡಗಿರುತ್ತದೆ. 1681ರಲ್ಲಿ ಮುದ್ದುರಾಜನು ರಾಜಧಾನಿಯನ್ನಾಗಿ ಮಾಡಿಕೊಂಡ ಸ್ಥಳವು ಮುದ್ದುರಾಜನ ಕೇರಿಯಾಗಿ, ಮಡಿಕೇರಿಯೆನಿಸಿತು. 1792ರಲ್ಲಿ ದೊಡ್ಡ ವೀರರಾಜೇಂದ್ರನು ಕಟ್ಟಿಸಿದ ಪೇಟೆಯು ವೀರರಾಜಪೇಟೆಯಾಯಿತು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾದ ಮೇಲೆ ಕರ್ನಲ್ ಫ್ರೇಜರನ ಹೆಸರನ್ನು ಹೊತ್ತ ಫ್ರೇಜರ್‌ಪೇಟೆಯು ಈಗ ಕುಶಾಲನಗರವಾಗಿದೆ. ಇವೆಲ್ಲವೂ ಅಧಿಕಾರವುಳ್ಳವರ ಹೆಸರುಗಳು. ಇವುಗಳ ನಡುವೆ ಬೇರೆ ಬಗೆಯ ಒಂದು ಗ್ರಾಮದ ಕಡೆಗೆ ವಾಚಕರ ಗಮನವನ್ನು ಸೆಳೆಯಲಿಚ್ಛಿಸುತ್ತೇವೆ.

ಸಿದ್ದಾಪುರದ ಸಮೀಪದಲ್ಲಿರುವ ಆನಂದಪುರವೇ ಆ ಗ್ರಾಮ. ಬಿದಿರು ಮೆಳೆಗಳು ದಟ್ಟವಾಗಿದ್ದುದರಿಂದ ಇಂಗ್ಲಿಷರು ಆ ಪ್ರಾಂತವನ್ನು ಬಿದಿರಿನ ಸೀಮೆಯೆಂದೇ ಕರೆಯುತ್ತಿದ್ದರು. ಕಾಫಿಯ ಗಿಡವು ರಾಜರ ಕಾಲದಲ್ಲಿಯೇ ನಾಲ್ಕುನಾಡಿನ ಕಡೆಯಲ್ಲಿ ಮಾಪಿಳ್ಳೆಗಳ ಮೂಲಕ ಬಂದಿದ್ದಿತು. ಐರೋಪ್ಯರ ಪೈಕಿ ಮೊದಲನೆಯದಾಗಿ ಫೌಲರ್ ಎಂಬವರು 1854ರಲ್ಲಿ ಮಡಿಕೇರಿಯ ಬಳಿ ತೋಟವನ್ನು ಆರಂಭಿಸಿದರು. ಮೂರು ವರ್ಷಗಳ ತರುವಾಯ, 1857ರಲ್ಲಿ, ಆನಂದಪುರವನ್ನೂ ಅದರ ಕಾಫಿ ತೋಟವನ್ನೂ ಸ್ಥಾಪಿಸಿದವರು ನಮ್ಮ ದೇಶದವರೇ ಆದ ಹರ್ಮನ್ ಆನಂದರಾವ್ ಕೌಂಡಿನ್ಯರು. ಆನಂದವೆಂಬ ಶಬ್ದಕ್ಕೆ ಸಂತೋಷವೆಂಬ ಅರ್ಥವನ್ನು ಮಾತ್ರ ತಿಳಿದು ಆ ದಾರಿಯಲ್ಲಿ ಹೋಗುವವರು, ಅದೇ ಶಬ್ದವು ಸ್ಥಾಪಕರ ಹೆಸರಿನಲ್ಲಿಯೂ ಇರುವುದನ್ನು ಗಮನಿಸಬೇಕು.

ಕೌಂಡಿನ್ಯರು 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, 1844ರಲ್ಲಿ ಕ್ರೈಸ್ತ ಮತವನ್ನು ಸ್ವೀಕರಿಸಿ, ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ವಿದ್ಯಾಭ್ಯಾಸ ಮಾಡಿ ಮರಳಿ ಬಂದವರು. ಅವರ ಗುರುಗಳು ಹರ್ಮನ್ ಮೋಗ್ಲಿಂಗರು. 1843ರಲ್ಲಿ ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮಹನೀಯರು ಇವರೇ. 1853ರಲ್ಲಿ ಕೊಡಗಿಗೆ ಬಂದ ಮೋಗ್ಲಿಂಗರು 1855ರಲ್ಲಿ ಈ ನಾಡಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿ, 1860ರಲ್ಲಿ ಸ್ವದೇಶಕ್ಕೆ ತೆರಳಿದರು.

ಆದರೆ ಗುರುಶಿಷ್ಯರಿಬ್ಬರಿಂದಲೇ ಊರಾಗಲಿಲ್ಲ. ಬಿದಿರನ್ನು ಕಡಿದವರು, ಗುಂಡಿ ತೋಡಿ ಗಿಡ ನೆಟ್ಟವರು, ಗುಡಿಸಲು ಕಟ್ಟಿ ಒಲೆ ಹಚ್ಚಿದವರು ಯಾರು? ಅವರಲ್ಲಿ ಬಹುಮಂದಿ ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಜನರು. ರಾಜರ ಕಾಲದಲ್ಲಿ ಇವರಲ್ಲಿ ಕೆಲವರು ಭೂಮಿಗೆ ಸೇರಿದ ಜಮ್ಮದ ಆಳುಗಳು, ಭೂಮಿಯ ಸಂಗಡಲೇ ಕೈಮಾರತಕ್ಕವರು. ಮತ್ತೆ ಕೆಲವರು ಒಡೆಯನು ಬೇಕಾದವರಿಗೆ ಮಾರಬಹುದಾದವರು. 1843ರ ಐದನೆಯ ಆಕ್ಟಿನಿಂದ ಕಂಪನಿಯ ರಾಜ್ಯದ ನ್ಯಾಯಾಲಯಗಳಲ್ಲಿ ದಾಸ್ಯದ ಹಕ್ಕು ನಿಲ್ಲದಂತಾಯಿತು. ಆದರೆ ಕಾಗದದ ಮೇಲೆ ಬಿಡುಗಡೆ ಹೊಂದಿದವನಿಗೆ ಕಾಲೂರಲು ನೆಲವೆಲ್ಲಿ? ಆನಂದಪುರವು ಅಂಥವರಿಗೆ ನೆಲೆಯಾಯಿತು.

ಮತಾಂತರದ ವಿಷಯದಲ್ಲಿ ವಾಚಕರ ಅಭಿಪ್ರಾಯಗಳು ಭಿನ್ನವಾಗಿರಬಹುದು. ಇಲ್ಲಿ ನಮ್ಮ ವಿಚಾರ ಅದಲ್ಲ. ತೋಟದ ದುಡಿಮೆಯು ಸುಖದ ಜೀವನವೆಂದೂ ನಾವು ಹೇಳುವುದಿಲ್ಲ. 1860ರ ದಶಕದಲ್ಲಿ ಕಾಂಡಕೊರಕ ಹುಳುವು ಕೊಡಗಿನ ತೋಟಗಳನ್ನು ತಿಂದುಹಾಕಿದಾಗ ನಷ್ಟದ ಲೆಕ್ಕವನ್ನು ಬರೆದವರು ಸಾಹುಕಾರರು. ಕೂಲಿ ತಪ್ಪಿದ ಮನೆಯ ಲೆಕ್ಕವನ್ನು ಬರೆಯುವವರಾರು? ನಮಗೆ ಮುಖ್ಯವಾದುದು ಇಷ್ಟು: ಕೊಡಗಿನಲ್ಲಿ ಒಕ್ಕವುಳ್ಳವರಿಗೆ ಐನ್‌ಮನೆಯುಂಟು, ಹಿರಿಯರನ್ನು ನೆನೆಯಲು ಕೈಮಡವುಂಟು, ತಲೆತಲಾಂತರದ ಮನೆತನದ ಹೆಸರುಂಟು. ಆಳಿಗೆ ಇವಾವುವೂ ಇರಲಿಲ್ಲ. ಅವನು ಒಡೆಯನ ಲೆಕ್ಕದಲ್ಲಿ ಒಂದು ತಲೆ ಮಾತ್ರ. ಅಂಥವನಿಗೆ ಹುಟ್ಟು, ಮದುವೆ, ಸಾವುಗಳು ಹೆಸರು ಸಹಿತವಾಗಿ ಪುಸ್ತಕದಲ್ಲಿ ಏರುವುದೆಂದರೆ ಅದು ಅಲ್ಪವಾದ ಸಂಗತಿಯಲ್ಲ. ಕ್ರೈಸ್ತ ಸಭೆಗಳಲ್ಲಿ ಅದು ವಾಡಿಕೆಯ ಕೆಲಸ. ಆದರೆ ಆ ಮನೆಯವರ ಪಾಲಿಗೆ ಅದೇ ವಂಶಾವಳಿ.

ಬರೆದಿಡುವ ಕೆಲಸವು ಪರದೇಶದವರಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಕಾದುದಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನೂ ಗಾದೆಗಳನ್ನೂ ಕಟ್ಟುಕಟ್ಟಳೆಗಳನ್ನೂ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು. ಹಿರಿಯರ ಬಾಯಲ್ಲಿದ್ದುದು ಹಿರಿಯರ ಸಂಗಡಲೇ ಹೋಗದಂತೆ ತಡೆದ ಪುಣ್ಯವು ಅವರದು.

ಗೃಹಸ್ಥರಾದ ವಾಚಕರು ದೊಡ್ಡ ಗ್ರಂಥವನ್ನು ಬರೆಯಬೇಕಾಗಿಲ್ಲ. ನೂರು ಪುಟದ ಒಂದು ಪುಸ್ತಕವೂ ಮನೆಯ ಮಕ್ಕಳಲ್ಲಿ ಅಕ್ಷರ ದುಂಡಾಗಿರುವ ಒಬ್ಬರೂ ಇದ್ದರೆ ಸಾಕು. ಕಕ್ಕಡದ ಮಳೆಯ ಸಂಜೆಗಳಲ್ಲಿ ಅಜ್ಜಿತಾತಂದಿರನ್ನು ಒಲೆಯ ಬಳಿ ಕೂರಿಸಿ ಕೇಳಿರಿ: ಈ ಮನೆಗಿಂತ ಮೊದಲು ಇಲ್ಲಿ ಏನಿದ್ದಿತು? ಬಾವಿ ತೋಡಿದವರಾರು? ಈ ಗದ್ದೆಗೆ ಈ ಹೆಸರೇಕೆ ಬಂದಿತು? ಹಳೆಯ ಸನ್ನದು, ಜಾತಕ, ಲೆಕ್ಕದ ಪುಸ್ತಕಗಳನ್ನು ಗೆದ್ದಲಿಗೂ ಮಳೆಗಾಲದ ಬೂಷ್ಟಿಗೂ ಬಿಡದೆ ಒಮ್ಮೆ ಬಿಸಿಲಿಗೆ ಹಾಕಿ, ಅವುಗಳ ಸಾರವನ್ನು ತಾರೀಕು ಸಹಿತ ಬರೆಯಿಸಿರಿ. ಹೇಳಿದವರ ಹೆಸರನ್ನೂ ಕೆಳಗೆ ಬರೆಯಿಸಿರಿ. ಕಂಡುದನ್ನು ಕಂಡುದೆಂದೂ ಕೇಳಿದುದನ್ನು ಕೇಳಿದುದೆಂದೂ ಬೇರೆಯಾಗಿ ಗುರುತುಮಾಡಿಸಿರಿ.

ಒಂದು ಮಾತನ್ನು ಮಾತ್ರ ಮರೆಯಬಾರದು. ಸ್ವಂತ ಮನೆತನದ ಕೀರ್ತಿಯನ್ನು ಬರೆದು ಅಲ್ಲಿಗೇ ಪುಸ್ತಕವನ್ನು ಮುಚ್ಚಿದರೆ ಅದು ಊರಿನ ಚರಿತ್ರೆಯಾಗದು. ನಿಮ್ಮ ಕತ್ತಿಗೆ ಹದ ಕೊಟ್ಟ ಐರಿ, ಬುಟ್ಟಿ ಹೆಣೆದು ಹಬ್ಬದಲ್ಲಿ ವಾದ್ಯ ನುಡಿಸಿದ ಮೇದ, ನಿಮ್ಮ ಗದ್ದೆಯಲ್ಲಿ ನಾಟಿ ನೆಟ್ಟ ಯರವರ ಹೆಂಗಸು, ಇವರ ಹೆಸರುಗಳನ್ನೂ ನಿಮ್ಮ ಹಿರಿಯರು ಬಲ್ಲರು. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಿರಿ.