ತಕ್ಕಡಿಗೆ ಮುದ್ರೆ ಉಂಟು, ತಿಕ್ಕುವ ಕೈಗೆ ಎಂತ ಉಂಟು?

ಹಂಪನಕಟ್ಟೆಯ ದಿನಸಿ ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಬೇಕು. ಇಲ್ಲದಿದ್ದರೆ ತೂಕ-ಅಳತೆ ಇಲಾಖೆಯವರು ಬಂದು ದಂಡ ಹಾಕುತ್ತಾರೆ. ಚಿನ್ನದ ಬಳೆಗೆ ಹಾಲ್‌ಮಾರ್ಕ್ ಬೇಕು. ಸಿಟಿ ಬಸ್ಸಿನ ಡ್ರೈವರನಿಗೆ ಲೈಸನ್ಸ್ ಬೇಕು, ಟಿಕೆಟ್ ಕೊಡುವ ಕಂಡಕ್ಟರನಿಗೂ ಬೇಕು. ಆದರೆ ನಿಮ್ಮ ಕುತ್ತಿಗೆ ಹಿಡಿದು ತಿರುಗಿಸುವ, ಬೆನ್ನೆಲುಬಿನ ಮೇಲೆ ಮೊಣಕೈ ಊರುವ ಮನುಷ್ಯನಿಗೆ ಎಂತ ಬೇಕು? ಒಂದು ಮಂಚ, ಒಂದು ಸೀಸೆ ಎಣ್ಣೆ, ಬಾಗಿಲಿಗೊಂದು ಬೋರ್ಡು. ಮುಗಿಯಿತು.

ಪಾಲಿಕೆಯ ಪರವಾನಗಿ ಉಂಟಲ್ಲ ಎಂದು ಕೇಳಬಹುದು. ಉಂಟು. ಅದು ಕೋಣೆಗೆ, ವ್ಯಾಪಾರಕ್ಕೆ. ಕೈಗಲ್ಲ. ಆ ಕೈಗೆ ಕಲಿಸಿದವರು ಯಾರು, ಎಷ್ಟು ದಿನ ಕಲಿಸಿದರು, ಸರಿಯಾಗಿ ಕಲಿಸಿದರಾ ಎಂಬುದನ್ನು ಹೇಳುವ ಕಾಗದ ಗೋಡೆಯ ಮೇಲೆ ಕಾಣುವುದು ಅಪರೂಪ. ಕಂಡರೂ ಅದರ ಬೆಲೆ ಎಷ್ಟೆಂದು ಗಿರಾಕಿಗೆ ತಿಳಿಯುವುದಿಲ್ಲ.

ಬಿಜೈಯ ಗಾಜು

‘ಮಸಾಜ್’ ಎಂಬ ಶಬ್ದ ಕೇಳಿದರೆ ಸಾಕು, ಬಸ್ಸಿನಲ್ಲಿ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಆ ನಗುವಿನ ಹಿಂದೆ ಒಂದು ಅನುಮಾನ. ಅನುಮಾನ ಬೆಳೆದರೆ ಎಂತಾಗುತ್ತದೆ ಎಂಬುದನ್ನು ನಮ್ಮ ಊರು 2025ರ ಜನವರಿ 23ರಂದು ನೋಡಿತು. ಬಿಜೈಯ ಒಂದು ಯೂನಿಸೆಕ್ಸ್ ಸಲೂನಿಗೆ ಸಂಘಟನೆಯೊಂದರ ಜನ ನುಗ್ಗಿ ಗಾಜು, ಪೀಠೋಪಕರಣ ಪುಡಿ ಮಾಡಿದರು. ಅಲ್ಲಿ ಅನೈತಿಕ ಚಟುವಟಿಕೆ ನಡೆಯುತ್ತದೆ ಎಂಬುದು ಅವರ ಆರೋಪ. ಪೊಲೀಸರು ನುಗ್ಗಿದವರನ್ನು ಹಿಡಿದರು. ರಾಜ್ಯದಲ್ಲೆಲ್ಲ ಸುದ್ದಿಯಾಯಿತು.

ಕಾನೂನು ಕೈಗೆತ್ತಿಕೊಂಡದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ತಪ್ಪು ದಂಧೆ ನಡೆದರೆ ಹಿಡಿಯಲಿಕ್ಕೆ ಪೊಲೀಸರಿದ್ದಾರೆ. ಅದು ಈ ಅಂಕಣದ ವಿಷಯವಲ್ಲ. ನಮ್ಮ ಪ್ರಶ್ನೆ ಬೇರೆ. ಬೋರ್ಡು ನೋಡಿ ಒಳ್ಳೆಯ ಕೈಯನ್ನೂ ಕೆಟ್ಟ ಕೈಯನ್ನೂ ಬೇರೆ ಮಾಡುವ ದಾರಿ ಜನರ ಹತ್ತಿರ ಇಲ್ಲವಲ್ಲ, ಅದಕ್ಕೆ ಎಂತ ಮಾಡುವುದು? ಕಷ್ಟಪಟ್ಟು ಕಲಿತು, ದಿನವಿಡೀ ನಿಂತು, ಬೆವರು ಹರಿಸಿ ದುಡಿಯುವ ಗಂಡಸು-ಹೆಂಗಸರೂ ಅದೇ ಅನುಮಾನದ ನೆರಳಲ್ಲಿ ನಿಲ್ಲಬೇಕಾಗಿದೆ. ಮನೆಯಲ್ಲಿ ಕೆಲಸದ ಹೆಸರು ಹೇಳಲಿಕ್ಕೆ ಅವರಿಗೆ ಸಂಕೋಚ. ‘ನಾನು ಇಂಥವರ ಹತ್ತಿರ ಕಲಿತವಳು’ ಎಂದು ತಲೆಯೆತ್ತಿ ಹೇಳುವ ಹಾಗಿದ್ದರೆ ಮಾತು ಬೇರೆ ಇತ್ತು. ಹೇಳಬೇಕಾದರೆ ಆ ‘ಇಂಥವರ’ ಹೆಸರು ಊರಿಗೆ ಗೊತ್ತಿರಬೇಕು.

ಗರಡಿಯಿಂದ ಕಾಲೇಜಿಗೆ

ಇದು ನಮಗೆ ಹೊಸ ವಿದ್ಯೆ ಏನಲ್ಲ. ತುಳುನಾಡಿನ ಗರೋಡಿಗಳ ಹೆಸರಲ್ಲೇ ಗರಡಿ ಕೂತಿದೆ. ದಸರಾ ಮೆರವಣಿಗೆಯಲ್ಲಿ ಇವತ್ತಿಗೂ ತಾಲೀಮು ಬರುತ್ತದೆ. ಗರಡಿಯಲ್ಲಿ ಉಸ್ತಾದರು ಪಟ್ಟು ಕಲಿಸುವುದರ ಜೊತೆಗೆ ಎಣ್ಣೆ ಹಾಕಿ ತಿಕ್ಕುವುದನ್ನೂ, ಉಳುಕು ತೆಗೆಯುವುದನ್ನೂ ಕಲಿಸುವ ಪದ್ಧತಿ ಹಳೆಯದು. ಕಾಸರಗೋಡು ದಾಟಿದರೆ ಕಳರಿಯ ಗುರುಗಳು ಉಳಿಚ್ಚಿಲ್ ಎಂಬ ಎಣ್ಣೆತಿಕ್ಕುವ ವಿದ್ಯೆಯನ್ನು ವರಸೆಯ ಜೊತೆಗೇ ಕಲಿಸುತ್ತಾರೆ. ಮನೆಗೆ ಬಂದು ಬಾಣಂತಿಯನ್ನೂ ಮಗುವನ್ನೂ ಎಣ್ಣೆ ತಿಕ್ಕಿ ಮೀಯಿಸುವ ಅಜ್ಜಿಯರಿಗೆ ಕಲಿಸಿದ್ದು ಅವರ ಅಮ್ಮ, ಅತ್ತೆ.

ಕಾಲೇಜುಗಳಿಗೂ ನಮ್ಮಲ್ಲಿ ಕೊರತೆ ಇಲ್ಲ. ಉಡುಪಿಯ ಕುತ್ಪಾಡಿಯ ಆಯುರ್ವೇದ ಕಾಲೇಜು 1958ರದ್ದು. ಉಜಿರೆಯಲ್ಲಿ 1989ರಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜು ಬಂತು. ಮಂಗಳೂರು ನಗರದೊಳಗೆ ಫಿಸಿಯೋಥೆರಪಿ ಕಲಿಸುವ ಕಾಲೇಜುಗಳು ಹಲವು. ಆಯುರ್ವೇದವಾಗಲಿ ಪ್ರಕೃತಿ ಚಿಕಿತ್ಸೆಯಾಗಲಿ, ಡಾಕ್ಟರಾಗಲಿಕ್ಕೆ ಐದೂವರೆ ವರ್ಷ ಓದಬೇಕು.

ಇಲ್ಲೇ ಒಂದು ಗುಟ್ಟು ಉಂಟು. ಚೀಟಿ ಬರೆಯುವವರು ಡಾಕ್ಟರು. ಮಂಚದ ಹತ್ತಿರ ನಿಂತು ತಿಕ್ಕುವವರು ಹೆಚ್ಚಾಗಿ ಥೆರಪಿಸ್ಟು. ಡಾಕ್ಟರಿಗೆ ಕಲಿಸಿದವರು ಪ್ರೊಫೆಸರು, ಅವರ ಹೆಸರು ಕಾಲೇಜಿನ ಬೋರ್ಡಿನಲ್ಲಿ ಇರುತ್ತದೆ. ಥೆರಪಿಸ್ಟಿಗೆ ಕಲಿಸಿದವರು? ಅನೇಕ ಕಡೆ ಅದೇ ಕೋಣೆಯಲ್ಲಿ ಹತ್ತಿಪ್ಪತ್ತು ವರ್ಷ ಕೈ ಸವೆಸಿದ ಹಿರಿಯ ಥೆರಪಿಸ್ಟು. ಎರಡೂ ಬದಿ ಇಬ್ಬರು ನಿಂತು ತಿಕ್ಕುವಾಗ ನಾಲ್ಕೂ ಕೈ ಒಂದೇ ವೇಗದಲ್ಲಿ ಹೋಗುವಂತೆ ತಿದ್ದುವುದು ಅವರು. ಎಣ್ಣೆಯ ಬಿಸಿಯನ್ನು ಮೊದಲು ತನ್ನ ಕೈಗೆ ಹಾಕಿ ನೋಡು ಎಂದು ಗದರುವುದು ಅವರು. ಬಟ್ಟೆ ಎಲ್ಲಿ ಹೊದೆಸಬೇಕು, ಯಾವ ಮಾತು ಆಡಬಾರದು ಎಂದು ತಿಳಿಸುವುದೂ ಅವರೇ. ಅವರಿಗೆ ಮೇಷ್ಟ್ರು ಎಂಬ ಹೆಸರಿಲ್ಲ, ಮೇಷ್ಟ್ರ ಸಂಬಳವೂ ಇಲ್ಲ. ಶಿಕ್ಷಕರ ದಿನ ಸೆಪ್ಟೆಂಬರ್ 5ಕ್ಕೆ ಅವರಿಗೆ ಹೂವು ಕೊಡುವವರು ಯಾರು?

ಲಂಡನ್ನಿನ ನಾಲ್ವರು ದಾದಿಯರು

ಬಿಜೈಯಲ್ಲಿ ಕಂಡ ಅನುಮಾನ ಲಂಡನ್ನಿಗೂ ಬಂದಿತ್ತು, ನೂರಮೂವತ್ತು ವರ್ಷದ ಹಿಂದೆ. ಮಸಾಜಿನ ಹೆಸರಲ್ಲಿ ಬೇರೆ ದಂಧೆ ನಡೆಯುತ್ತದೆ ಎಂದು 1894ರಲ್ಲಿ ಅಲ್ಲಿನ ಡಾಕ್ಟರರ ಪತ್ರಿಕೆಯೇ ಬರೆಯಿತು. ನಿಜವಾಗಿ ಮಸಾಜ್ ಕಲಿತ ದಾದಿಯರ ಮಾನ ಹರಾಜಾಯಿತು. ಆಗ ನಾಲ್ವರು ದಾದಿಯರು ಸೇರಿ ತರಬೇತಿ ಪಡೆದ ಮಸಾಜುಗಾರ್ತಿಯರ ಸಂಘ ಕಟ್ಟಿದರು. ಡಾಕ್ಟರು ಹೇಳದೆ ತಿಕ್ಕಬಾರದು, ಕಂಡಕಂಡಲ್ಲಿ ಜಾಹೀರಾತು ಕೊಡಬಾರದು, ರೋಗಿಗೆ ಔಷಧ ಮಾರಬಾರದು ಎಂದು ನಿಯಮ ಮಾಡಿದರು. ಪರೀಕ್ಷೆ ಇಟ್ಟರು. ಪಾಸಾದವರಿಗೆ ಮಾತ್ರ ಸರ್ಟಿಫಿಕೇಟು. ಆ ಸಂಘಕ್ಕೆ 1920ರಲ್ಲಿ ರಾಜಮುದ್ರೆ ಸಿಕ್ಕಿತು. ಇವತ್ತು ಬ್ರಿಟನ್ನಿನ ಫಿಸಿಯೋಥೆರಪಿಯವರ ದೊಡ್ಡ ಸಂಘ ಅದೇ. ಅವರು ಕೂಗಾಡಲಿಲ್ಲ, ಗಾಜು ಒಡೆಯಲಿಲ್ಲ. ಕಲಿಕೆಯನ್ನು ಗಟ್ಟಿ ಮಾಡಿ ಮಾನ ಉಳಿಸಿಕೊಂಡರು.

ಥಾಯ್ಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಬ್ಯಾಂಕಾಕಿನ ವಾಟ್ ಫೋ ದೇವಾಲಯದಲ್ಲಿ 1955ರಿಂದ ಪಾಠಶಾಲೆ ಉಂಟು. 2019ರಲ್ಲಿ ಅವರ ಮಸಾಜು ಯುನೆಸ್ಕೋದ ಪರಂಪರೆಯ ಪಟ್ಟಿ ಸೇರಿತು. ಅಮೆರಿಕದಲ್ಲಿ ಮಸಾಜ್ ಕಲಿಸುವ ಶಿಕ್ಷಕರಿಗೇ ವರ್ಷದ ಶಿಕ್ಷಕ ಎಂಬ ಪ್ರಶಸ್ತಿ ಕೊಡುವ ಪದ್ಧತಿ ಉಂಟು.

ನಮ್ಮಲ್ಲಿ ದಾರಿ ಇಲ್ಲವಾ?

ಉಂಟು, ಮಾರಾಯ್ರೆ. ಆಟ ಕಲಿಸುವ ಗುರುಗಳಿಗೆ ಕೇಂದ್ರ ಸರಕಾರ 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಶುರು ಮಾಡಿತು. ಮೊದಲ ವರ್ಷದ ಮೂವರಲ್ಲಿ ಒಬ್ಬರು ಕುಸ್ತಿಯ ಗುರು ಭಾಲಚಂದ್ರ ಭಾಸ್ಕರ ಭಾಗವತ್. ಇನ್ನೊಬ್ಬರು ಪಿ.ಟಿ. ಉಷಾ ಅವರನ್ನು ಓಡಿಸಿದ ಓ.ಎಂ. ನಂಬಿಯಾರ್. ಇದರ ತತ್ವ ಸರಳ: ಗುರುವನ್ನು ಅಳೆಯುವುದು ಶಿಷ್ಯನಿಂದ. ಗುರು ಎಷ್ಟು ಚಂದ ಭಾಷಣ ಮಾಡಿದ ಎಂಬುದರಿಂದ ಅಲ್ಲ.

2023ರಲ್ಲಿ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಪಡೆದವರು 75 ಮಂದಿ. ಅವರಲ್ಲಿ 12 ಮಂದಿ ಕೌಶಲ ಇಲಾಖೆಯ ಕಡೆಯವರು, ಅಂದರೆ ಕೈಕೆಲಸ ಕಲಿಸುವವರು. ಶಾಲೆಯ ಮೇಷ್ಟ್ರ ಪಂಕ್ತಿಯಲ್ಲೇ ಅವರಿಗೂ ಎಲೆ ಹಾಕಿದರು. ಅಂದ ಮೇಲೆ ಬಾಗಿಲು ತೆರೆದಿದೆ. ನಮ್ಮ ಜಿಲ್ಲೆಯಿಂದ ಒಬ್ಬ ಮಸಾಜ್ ಗುರುವಿನ ಹೆಸರು ಹೋಗಬೇಕಾದರೆ ಮೊದಲು ಆ ಹೆಸರು ಜಿಲ್ಲೆಗೆ ಗೊತ್ತಾಗಬೇಕು.

ಕಾಗದ ಇಲ್ಲದ ಕೈಗೂ ಮಾನ ಸಿಕ್ಕಿದ್ದುಂಟು. ಪಾವಗಡದ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಜ್ಜಿಯಿಂದ ಕಲಿತ ಕೈ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದಕ್ಕೆ ಮುಂಚಿನ ವರ್ಷ, 2017ರಲ್ಲಿ, ವಡಗರೆಯ ಕಳರಿ ಗುರು ಮೀನಾಕ್ಷಿ ಅಮ್ಮನವರಿಗೂ ಪದ್ಮಶ್ರೀ. ಒಬ್ಬರದು ಹೆರಿಗೆಯ ಕೈ, ಇನ್ನೊಬ್ಬರದು ವರಸೆಯ ಕೈ. ತಿಕ್ಕುವ ಕೈ ಇವರಿಗೆ ದೂರದ ನೆಂಟರೇನಲ್ಲ.

ಮುಟ್ಟಬಾರದ್ದು ಯಾವುದು?

ಒಳ್ಳೆಯ ಗುರುವನ್ನು ಗುರುತಿಸುವುದು ಹೇಗೆ? ತಿಕ್ಕುವುದನ್ನು ಯಾರೂ ಒಂದು ವಾರದಲ್ಲಿ ಕಲಿಸಿಬಿಡಬಹುದು. ಯಾವಾಗ ತಿಕ್ಕಬಾರದು ಎಂಬುದನ್ನು ಕಲಿಸುವವನೇ ಗುರು. ಇದು ಅಂಗಡಿಯವರಿಗೂ ಬಸ್ಸಿನಲ್ಲಿ ಓಡಾಡುವವರಿಗೂ ತಿಳಿದಿರಬೇಕಾದ ಮಾತು. ಹೇಗೆಂದು ಕೇಳಿ.

ದಿನವಿಡೀ ಗಲ್ಲೆಯ ಹತ್ತಿರ ನಿಂತವರಿಗೆ ಕಾಲು ನೋಯುತ್ತದೆ. ಎರಡೂ ಕಾಲು ಸೋತು ನೋವಾದರೆ ಎಣ್ಣೆ ತಿಕ್ಕಿ ಹಿತ ಕಾಣಬಹುದು. ಆದರೆ ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದ ಹಾಗೆ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಅಪಾಯ. ಕಲಿತ ಕೈ ಅಲ್ಲೇ ನಿಲ್ಲುತ್ತದೆ. ಕಲಿಯದ ಕೈ ‘ಗಂಟು ಕರಗಿಸುತ್ತೇನೆ’ ಎಂದು ಇನ್ನೂ ಜೋರಾಗಿ ಒತ್ತುತ್ತದೆ.

ಎಡ ಹೆಗಲು, ತೋಳು ನೋವು, ಜೊತೆಗೆ ಬೆವರು, ಎದೆ ಭಾರ. ಇದು ಬಸ್ಸಿನ ಸರಳು ಹಿಡಿದು ಜೋತಾಡಿದ ನೋವಲ್ಲ, ಹೃದಯದ್ದಿರಬಹುದು. ಸೊಂಟ ನೋವಿನ ಜೊತೆ ತೊಡೆಯ ಸಂದಿಯಲ್ಲಿ ಮರಗಟ್ಟಿ, ಮೂತ್ರದ ಹಿಡಿತ ತಪ್ಪಿದರೆ ಅದು ಎಣ್ಣೆಗೆ ಬಗ್ಗುವ ನೋವಲ್ಲ, ಆಸ್ಪತ್ರೆಗೆ ಓಡಬೇಕಾದ ನೋವು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಕಡಿಮೆ ಇರಬಹುದು, ಬಿಸಿ ಎಣ್ಣೆ ಸುಟ್ಟರೂ ಅವರಿಗೆ ಗೊತ್ತಾಗದು. ವಯಸ್ಸಾದವರ ಸವೆದ ಮೂಳೆ, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಹೊಸದಾಗಿ ಮೂಳೆ ಮುರಿದವರು, ಜ್ವರ ಇದ್ದವರು – ಇವರನ್ನು ಮುಟ್ಟುವ ಮೊದಲು ಹತ್ತು ಪ್ರಶ್ನೆ ಕೇಳಬೇಕು. ಕೇಳಲಿಕ್ಕೆ ಕಲಿಸಿದ ಗುರುವಿಗೆ ನಾವು ಋಣಿಗಳು. ಆ ಗುರುವಿನ ಹೆಸರೇ ನಮಗೆ ಗೊತ್ತಿಲ್ಲ.

ಶಾಲು ಬೇಡ, ಪಟ್ಟಿ ಬೇಕು

ಹಾಗಂತ ಪುರಭವನದಲ್ಲಿ ಒಂದು ಸಭೆ, ಹತ್ತು ಶಾಲು, ಹತ್ತು ಹಾರ, ಫಲತಾಂಬೂಲ, ಮರುದಿನ ಪೇಪರಿನಲ್ಲಿ ಫೋಟೋ – ಇದು ಬೇಡ. ಈಗ ಪ್ರಶಸ್ತಿಗೂ ಅಂಗಡಿ ಉಂಟು. ದುಡ್ಡು ಕಟ್ಟಿದರೆ ದೂರದ ಊರಿನ ಹೋಟೆಲಿನಲ್ಲಿ ಕಿರೀಟ ಇಡುತ್ತಾರೆ. ಅಂಥ ಪ್ರಶಸ್ತಿ ದಂಧೆಯವನ ಗೋಡೆಗೂ ಹೋಗಿ ತೂಗುತ್ತದೆ, ಅವನಿಗೆ ಅದೇ ಮುಖವಾಡ. ‘ಮಸಾಜಿನವರಿಗೂ ಸನ್ಮಾನವಾ?’ ಎಂದು ಮೂಗು ಮುರಿಯುವವರ ಭಯವೂ ಇದೇ. ಭಯದಲ್ಲಿ ಅರ್ಥ ಉಂಟು. ಆದ್ದರಿಂದಲೇ ಗುರುತಿಸುವ ಕೆಲಸ ಬಿಗಿಯಾಗಿರಬೇಕು.

ಜಿಲ್ಲಾಡಳಿತ, ಆಯುಷ್ ಇಲಾಖೆ, ಪಾಲಿಕೆ ಮತ್ತು ಕಾಲೇಜುಗಳು ಸೇರಿ ಒಂದು ಪಟ್ಟಿ ಮಾಡಲಿ. ಆಯ್ಕೆಗೆ ಕೂತವರು ಗುರುವಿನ ಬಯೋಡಾಟಾ ಓದಿ ಎದ್ದು ಹೋಗಬಾರದು. ಶಿಷ್ಯರನ್ನು ಕರೆಯಲಿ. ಮಂಚದ ಮೇಲೆ ಒಬ್ಬರನ್ನು ಮಲಗಿಸಿ ಕೆಲಸ ನೋಡಲಿ. ಊದಿದ ಕಾಲಿನ ಕತೆ ಹೇಳಿ ‘ಎಂತ ಮಾಡುತ್ತೀ?’ ಎಂದು ಕೇಳಲಿ. ಮುಟ್ಟುವ ಮೊದಲು ಒಪ್ಪಿಗೆ ಕೇಳುತ್ತಾನಾ, ಕೈ ತೊಳೆಯುತ್ತಾನಾ, ಹೊದಿಕೆ ಸರಿಯಾಗಿ ಹಾಕುತ್ತಾನಾ ನೋಡಲಿ. ಐದು ವರ್ಷದ ಹಿಂದೆ ಕಲಿತವರು ಈಗ ಎಲ್ಲಿದ್ದಾರೆ, ಮರ್ಯಾದೆಯ ಸಂಬಳ ಪಡೆಯುತ್ತಾರಾ ಎಂದು ವಿಚಾರಿಸಲಿ. ಕಲಿಯಲಿಕ್ಕೆ ಬಂದ ಹುಡುಗಿಯರು ‘ಆ ಗುರುವಿನ ಹತ್ತಿರ ನಮಗೆ ಭಯವಿರಲಿಲ್ಲ’ ಎಂದು ಹೇಳಬೇಕು. ಇದು ಎಲ್ಲಕ್ಕಿಂತ ಮೊದಲು.

ಇನ್ನೊಂದು. ತಕ್ಕಡಿಯ ಮುದ್ರೆ ಒಮ್ಮೆ ಹೊಡೆದರೆ ಕೊನೆಯವರೆಗೂ ನಡೆಯುವುದಿಲ್ಲ, ಅವಧಿ ಮುಗಿದರೆ ಪುನಃ ಹೊಡೆಸಬೇಕು. ಗುರುವಿನ ಗುರುತೂ ಹಾಗೇ ಇರಲಿ. ಕೆಲವು ವರ್ಷಕ್ಕೊಮ್ಮೆ ಪುನಃ ಪರೀಕ್ಷೆಯಾಗಲಿ. ತಪ್ಪಿದರೆ ಹೆಸರು ಪಟ್ಟಿಯಿಂದ ತೆಗೆಯಲಿ. ಆ ಪಟ್ಟಿ ಫೈಲಿನಲ್ಲಿ ಮಲಗದೆ ಪಾಲಿಕೆ ಕಚೇರಿಯ ಗೋಡೆಗೂ ಬಸ್‌ಸ್ಟ್ಯಾಂಡಿಗೂ ಬರಲಿ. ಆಗ ಗಿರಾಕಿ ಒಳಗೆ ಹೋಗಿ ಕೇಳುವ ಮೊದಲ ಪ್ರಶ್ನೆ ‘ಗಂಟೆಗೆ ಎಷ್ಟು?’ ಎಂದಾಗದು. ‘ನೀನು ಯಾರ ಹತ್ತಿರ ಕಲಿತದ್ದು?’ ಎಂದಾಗುತ್ತದೆ.

ಊರಲ್ಲಿ ಬಗೆಹರಿಯದ ಸಾವಿರ ಸಮಸ್ಯೆಗಳಿರುವಾಗ ಇದು ದೊಡ್ಡದಾ ಎಂದು ಕೇಳುವವರಿದ್ದಾರೆ. ಚರಂಡಿಯೂ ಬೇಕು, ರಸ್ತೆಯೂ ಬೇಕು. ಆದರೆ ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ಲಿಗೆ ದಿನಾ ನಿಂತು ಹೋಗುವವರ ಸೊಂಟ ಚರಂಡಿ ಸರಿಯಾಗುವವರೆಗೆ ಕಾಯುವುದಿಲ್ಲ. ನೋವಾದ ದಿನ ಅವರು ಯಾವುದೋ ಒಂದು ಬೋರ್ಡಿನ ಕೆಳಗೆ ಹೋಗಿ ಮಲಗುತ್ತಾರೆ. ಆ ಮಂಚದ ಹತ್ತಿರ ನಿಂತ ಕೈಗೆ ಒಬ್ಬ ಗುರು ಇದ್ದಾನಾ ಇಲ್ಲವಾ ಎಂಬುದು ಅವರಿಗೆ ಸಣ್ಣ ವಿಷಯವಲ್ಲ.

ನವೆಂಬರ್ 1ರ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಗೆ ಹೆಸರು ಕೂಡಿಸುವವರು ಈ ಸಾಲನ್ನು ಒಮ್ಮೆ ಓದಲಿ. ಕಲಾವಿದರ ಪಕ್ಕದಲ್ಲಿ, ಕೃಷಿಕರ ಪಕ್ಕದಲ್ಲಿ ಎಣ್ಣೆಗೈಯ ಒಬ್ಬ ಮೇಷ್ಟ್ರಿಗೂ ಒಂದು ಕುರ್ಚಿ ಇಡಿ. ಕೂತವರ ಹೆಸರನ್ನು ಊರು ನೆನಪಿಟ್ಟುಕೊಳ್ಳುತ್ತದೆ.